ತಂತಿಯ ಸೆನ್ಸರೋ ಫಾಸ್ಫರ್ ಪ್ಲೇಟೋ: ಗದಗಿನ ಚಿಕಿತ್ಸಾಲಯದಲ್ಲಿ ಮೂರು ತಿಂಗಳು ನೋಡಿದ್ದು

ಗದಗಿನ ನನ್ನ ದಂತ ಚಿಕಿತ್ಸಾಲಯದಲ್ಲಿ ಹಲ್ಲಿನ ಎಕ್ಸ್-ರೇ ತೆಗೆಯಲು ಆರು ವರ್ಷಗಳಿಂದ ತಂತಿಯಿರುವ ಸೆನ್ಸರನ್ನು, ಅಂದರೆ ಬಾಯೊಳಗಿಟ್ಟಾಗ ಚಿತ್ರವನ್ನು ನೇರವಾಗಿ ಕಂಪ್ಯೂಟರಿಗೆ ಕಳಿಸುವ ಸಾಧನವನ್ನು, ಬಳಸುತ್ತ ಬಂದಿದ್ದೇನೆ. ದಂತವೈದ್ಯರೆಲ್ಲ ಇದನ್ನು ಆರ್‌ವಿಜಿ (ರೇಡಿಯೋವಿಸಿಯೋಗ್ರಫಿ) ಎಂದೇ ಕರೆಯುತ್ತೇವೆ. ಅದು 1987ರಲ್ಲಿ ಫ್ರಾನ್ಸಿನಿಂದ ಬಂದ ಮೊದಲ ಸೆನ್ಸರಿನ ಹೆಸರು, ಈಗ ಎಲ್ಲಕ್ಕೂ ಅಂಟಿಕೊಂಡಿದೆ. ಈಚೆಗೆ ಎರಡನೆಯ ಕುರ್ಚಿ ಹಾಕಿಸಿದಾಗ ಇನ್ನೊಂದು ಸೆನ್ಸರ್ ಕೊಳ್ಳುವುದೋ, ತಂತಿಯಿಲ್ಲದ, ಕಿರಣ ಹಾಯಿಸಿದ ಮೇಲೆ ಸ್ಕ್ಯಾನರಿನಲ್ಲಿ ಓದಿಸಬೇಕಾದ ಫಾಸ್ಫರ್ ಪ್ಲೇಟಿಗೆ ಹೋಗುವುದೋ ಎಂಬ ಪ್ರಶ್ನೆ ಎದ್ದಿತು. ಹುಬ್ಬಳ್ಳಿಯಲ್ಲಿ ವೃತ್ತಿ ನಡೆಸುವ ಸಹಪಾಠಿಯೊಬ್ಬರು ತಮ್ಮ ಹಳೆಯ ಸ್ಕ್ಯಾನರನ್ನೂ ಎಂಟು ಪ್ಲೇಟುಗಳನ್ನೂ ಮೂರು ತಿಂಗಳ ಮಟ್ಟಿಗೆ ಕೊಟ್ಟರು. ಹೋಲಿಕೆಗೆಂದೇ ರೋಗಿಗೆ ಎರಡು ಸಲ ಕಿರಣ ಹಾಯಿಸುವುದು ಸಲ್ಲದ ಕಾರಣ, ನೇರ ಪರೀಕ್ಷೆಯನ್ನು ಮೇಣದಲ್ಲಿ ಕೂರಿಸಿದ ಒಂದು ಕಿತ್ತ ಹಲ್ಲಿನ ಮೇಲೆ ಮಾಡಿದೆ. ಉಳಿದದ್ದು ದಿನನಿತ್ಯದ ಕೆಲಸದಲ್ಲಿ ಕಂಡದ್ದು.

ಮಾರಾಟಗಾರರು ಮೊದಲು ಹೇಳುವುದು ಚಿತ್ರದ ಸ್ಪಷ್ಟತೆಯ ಅಂಕಿ. ನನ್ನ ಸೆನ್ಸರಿನ ಪಿಕ್ಸೆಲ್ ಸುಮಾರು 0.02 ಮಿ.ಮೀ., ಸ್ಕ್ಯಾನರಿನ ಸಾಮಾನ್ಯ ಓದಿನಲ್ಲಿ ಅದು ಸುಮಾರು 0.06 ಮಿ.ಮೀ. ರೂಟ್ ಕೆನಾಲಿನಲ್ಲಿ ಬೇರಿನ ಒಳಗೆ ಇಳಿಸುವ ಸೂಜಿಯಂಥ ಉಪಕರಣವೇ ಫೈಲ್. 8ನೇ ನಂಬರಿನ ಫೈಲಿನ ತುದಿ 0.08 ಮಿ.ಮೀ. ದಪ್ಪ, 15ನೇ ನಂಬರಿನದು 0.15 ಮಿ.ಮೀ. ಹಲ್ಲಿನೊಳಗೆ ಒಂದಾದ ಮೇಲೊಂದು ಫೈಲ್ ಇಳಿಸಿ ಚಿತ್ರ ತೆಗೆದಾಗ 15ರ ತುದಿ ಎರಡರಲ್ಲೂ ನಿಚ್ಚಳವಾಗಿ ಕಂಡಿತು. 8ರ ತುದಿ ಪ್ಲೇಟಿನಲ್ಲಿ ಬೇರಿನ ನೆರಳಿನೊಳಗೆ ಕರಗಿಹೋಯಿತು. ಸೆನ್ಸರಿನಲ್ಲಾದರೂ ಅದು ನಾಲ್ಕು ಪಿಕ್ಸೆಲ್ ಅಗಲಕ್ಕೆ ಕಾಣಬೇಕಿತ್ತು. ಆದರೆ ಕಿರಣದ ಅವಧಿ ಕಡಿಮೆಯಿದ್ದಾಗ ಚಿತ್ರವೆಲ್ಲ ರವೆ ಚೆಲ್ಲಿದಂತಾಗಿ ತುದಿ ಯಾವುದು, ರವೆ ಯಾವುದು ಎಂದು ಗುರುತಿಸಲಾಗಲಿಲ್ಲ. ಪಿಕ್ಸೆಲ್ ಕಿರಿದಾದಷ್ಟೂ ಒಂದೊಂದರ ಪಾಲಿಗೆ ಬೀಳುವ ಕಿರಣ ಕಡಿಮೆಯಾಗುತ್ತದೆ. ಅದನ್ನು ತುಂಬಿಕೊಡಬೇಕಾದದ್ದು ರೋಗಿಯ ಮೈಮೇಲಿನ ಕಿರಣವೇ.

ಇದರ ಮೇಲೆ ಎಕ್ಸ್-ರೇ ನಳಿಕೆಯ ಮಿತಿಯೂ ಸೇರುತ್ತದೆ. ನನ್ನ ಯಂತ್ರದಲ್ಲಿ ಕಿರಣ ಹುಟ್ಟುವ ಬಿಂದು 0.7 ಮಿ.ಮೀ. ಅಗಲವಿದೆ. ಆ ಬಿಂದುವಿನಿಂದ ಹಲ್ಲಿಗೆ 22 ಸೆಂ.ಮೀ., ಹಲ್ಲಿನಿಂದ ಸೆನ್ಸರಿಗೆ 1 ಸೆಂ.ಮೀ. ಎಂದು ಹಿಡಿದರೆ ನೆರಳಿನ ಅಂಚಿನ ಮಸುಕು ಸುಮಾರು 0.03 ಮಿ.ಮೀ. ಆಗುತ್ತದೆ, ಅಂದರೆ ಅದು ಸೆನ್ಸರಿನ ಪಿಕ್ಸೆಲ್‌ಗಿಂತಲೂ ದೊಡ್ಡದು. ಬಿಂದು 0.4 ಮಿ.ಮೀ. ಇದ್ದರೆ ಮಸುಕು 0.02ರೊಳಗೆ ಬರುತ್ತದೆ. ಆದರೆ ನಳಿಕೆಗೆ ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಶಾಖವೇ ಆಗುವುದರಿಂದ, ಅಷ್ಟನ್ನೂ ಕಿರಿದಾದ ಜಾಗಕ್ಕೆ ಸುರಿದರೆ ಆ ಬಿಂದುವಿರುವ ಟಂಗ್‌ಸ್ಟನ್ ಲೋಹ ತಾಳುವುದಿಲ್ಲ. ಕರೆಂಟ್ ಇಳಿಸಬೇಕು, ಅವಧಿ ಹಿಗ್ಗಿಸಬೇಕು, ಅಷ್ಟರಲ್ಲಿ ರೋಗಿ ಅಲುಗಾಡುತ್ತಾರೆ. ಕಿರಣವನ್ನು ಹಲ್ಲಿನತ್ತ ಸಾಗಿಸುವ ಕೊಳವೆಯನ್ನು, ಅಂದರೆ ಕೋನನ್ನು, 20 ಸೆಂ.ಮೀ.ಯಿಂದ 30 ಸೆಂ.ಮೀ.ಗೆ ಉದ್ದ ಮಾಡಿದರೂ ಮಸುಕು ತಗ್ಗುತ್ತದೆ, ಆದರೆ ಎರಡೂಕಾಲು ಪಟ್ಟು ಅವಧಿ ಬೇಕಾಗುತ್ತದೆ. ಹಳೆಯ ನಳಿಕೆಯ ಕೆಳಗೆ ದುಬಾರಿ ಸೆನ್ಸರ್ ಇಟ್ಟು ಸ್ಪಷ್ಟತೆಗೆ ಹಣ ಕೊಟ್ಟೆವೆಂದುಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಆದರೆ ನನ್ನ ಮನಸ್ಸನ್ನು ತಿರುಗಿಸಿದ್ದು ಸ್ಪಷ್ಟತೆಯ ಅಂಕಿಗಳಾಗಿರಲಿಲ್ಲ. ನಮ್ಮ ಕಡೆ ಅಡಿಕೆ, ಗುಟ್ಕಾ ಜಗಿದು ಕೆನ್ನೆಯ ಒಳಪದರ ಬಿಗಿದುಕೊಂಡವರು ವಾರಕ್ಕೆ ಹಲವರು ಬರುತ್ತಾರೆ. ಮುಂಡರಗಿ ಕಡೆಯ ಒಬ್ಬ ಲಾರಿ ಚಾಲಕರು, ಮೂವತ್ತು ದಾಟಿರದ ಯುವಕ, ಕುರ್ಚಿಯಲ್ಲಿ ಕೂತು "ಬಾಯಿ ಇಷ್ಟ ತಗ್ಯಾಕ ಬರತೈತ್ರಿ ಡಾಕ್ಟ್ರ" ಎಂದು ತೋರಿಸಿದಾಗ ನನ್ನ ಎರಡು ಬೆರಳು ಕಷ್ಟಪಟ್ಟು ಒಳಗೆ ಹೋದವು. ನೋವಿದ್ದದ್ದು ಕೆಳದವಡೆಯ ಕೊನೆಯ ಹಲ್ಲಿನಲ್ಲಿ. ಐದಾರು ಮಿ.ಮೀ. ದಪ್ಪದ, ಮೂಲೆ ಗಡುಸಾದ, ಬಗ್ಗದ ಸೆನ್ಸರನ್ನು ಹೋಲ್ಡರ್ ಸಮೇತ ನಾಲಗೆಯ ಬದಿಗೆ ಇಳಿಸಲು ಮೂರು ಸಲ ಪ್ರಯತ್ನಿಸಿದೆ. ಎರಡು ಸಲ ಬೇರಿನ ತುದಿ ಚಿತ್ರದಿಂದ ಹೊರಗುಳಿಯಿತು, ಮೂರನೆಯ ಸಲ ಅವರ ಕಣ್ಣಲ್ಲಿ ನೀರು ಬಂತೆಂದು ಬಿಟ್ಟೆ. ಹಳೆಯ ಫಿಲ್ಮಿನಷ್ಟೇ ತೆಳ್ಳಗಿರುವ ಪ್ಲೇಟು ಮೊದಲ ಸಲಕ್ಕೇ ಒಳಗೆ ಜಾರಿ ಕೂತಿತು. ಒಂದು ಚಿತ್ರಕ್ಕೆ ಸೆನ್ಸರ್ ಕಡಿಮೆ ಕಿರಣ ಬೇಡುತ್ತದೆ ಎಂಬುದು ನಿಜವೇ. ಆದರೆ ಮತ್ತೆ ಮತ್ತೆ ತೆಗೆಯಬೇಕಾದಾಗ ಆ ಉಳಿತಾಯ ಉಳಿಯುವುದಿಲ್ಲ.

ಸೆನ್ಸರನ್ನೇ ತೆಳ್ಳಗೆ ಮಾಡಬಾರದೇಕೆ ಎಂದು ಕೇಳಬಹುದು. ಅದರೊಳಗೆ ಕಿರಣವನ್ನು ಬೆಳಕಾಗಿಸುವ ಸೀಸಿಯಂ ಅಯೊಡೈಡ್ ಪದರವಿದೆ. ಅದರ ಸೂಜಿಯಂಥ ಹರಳುಗಳು ಬೆಳಕನ್ನು ಅಕ್ಕಪಕ್ಕಕ್ಕೆ ಚೆಲ್ಲದೆ ಕೆಳಗೆ ಸಾಗಿಸುತ್ತವೆ. ಈ ಪದರ ದಪ್ಪವಾದಷ್ಟೂ ಹೆಚ್ಚು ಕಿರಣ ಸಿಕ್ಕಿಬೀಳುತ್ತದೆ, ಬೆಳಕೂ ಹೆಚ್ಚು ಹರಡಿ ಚಿತ್ರ ಮಸುಕಾಗುತ್ತದೆ. ಅದರ ಕೆಳಗೆ ಗಾಜಿನ ಎಳೆಗಳ ಫಲಕ, ಆಮೇಲೆ ಚಿಪ್, ಅದರ ಹಿಂದೆ ಸರ್ಕ್ಯೂಟ್. ಗಾಜಿನ ಫಲಕವನ್ನು ಕೈಬಿಟ್ಟರೆ ಸೆನ್ಸರ್ ತೆಳುವಾಗುತ್ತದೆ, ಆದರೆ ತಪ್ಪಿಸಿಕೊಂಡ ಕಿರಣ ನೇರವಾಗಿ ಚಿಪ್ಪಿಗೆ ಬಡಿದು ಚಿತ್ರದಲ್ಲಿ ಚುಕ್ಕೆ ಮೂಡಿಸುತ್ತದೆ, ಚಿಪ್ಪಿನ ಆಯುಷ್ಯವನ್ನೂ ಕುಗ್ಗಿಸುತ್ತದೆ. ಎಲ್ಲಕ್ಕಿಂತ ಸೂಕ್ಷ್ಮ ಜಾಗ ತಂತಿ ಹೊರಬರುವ ಬುಡ. ನನ್ನ ಮೊದಲ ಸೆನ್ಸರ್ ಕೆಟ್ಟದ್ದೂ ಅಲ್ಲಿಯೇ.

ಪ್ಲೇಟಿನ ತೊಂದರೆಗಳು ಬೇರೆ ಬಗೆಯವು. ಕಿರಣದ ಶಕ್ತಿ ಪ್ಲೇಟಿನ ಹರಳುಗಳಲ್ಲಿ ಅಡಗಿ ಕೂತಿರುತ್ತದೆ. ಸ್ಕ್ಯಾನರಿನ ಕೆಂಪು ಲೇಸರ್ ತಾಗಿದಾಗ ನೀಲಿ ಬೆಳಕಾಗಿ ಹೊರಬರುತ್ತದೆ. ಕೋಣೆಯ ಬೆಳಕೂ ಅದನ್ನು ಅಳಿಸಬಲ್ಲದು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಸಹಾಯಕಿ ಕಿಟಕಿಯ ಪಕ್ಕದಲ್ಲಿ ಹೊದಿಕೆ ಬಿಚ್ಚಿ, ಮಧ್ಯೆ ಬಂದ ಫೋನ್ ಮುಗಿಸಿ ಪ್ಲೇಟನ್ನು ಸ್ಕ್ಯಾನರಿಗೆ ಹಾಕಿದಾಗ ಬಂದದ್ದು ಹಲ್ಲಿನ ಸುಳಿವು ಮಾತ್ರವಿದ್ದ ಪೇಲವ ಚಿತ್ರ. ಗೀಚು ಬಿದ್ದಲ್ಲಿ, ರೋಗಿ ಕಚ್ಚಿದಲ್ಲಿ ಬಿಳಿ ಗೆರೆ ಉಳಿಯುತ್ತದೆ. ಹಿಂದುಮುಂದಾಗಿ ಇಟ್ಟರೂ ಚಿತ್ರ ಬರುತ್ತದೆ, ಎಡಬಲ ಅದಲುಬದಲಾಗಿ. ಮೂರು ತಿಂಗಳ ಕೊನೆಗೆ ಎಂಟರಲ್ಲಿ ಎರಡನ್ನು ನಾನೇ ತೆಗೆದಿಟ್ಟೆ.

ರೂಟ್ ಕೆನಾಲ್ ಕೆಲಸಕ್ಕೆ ಮಾತ್ರ ಪ್ಲೇಟನ್ನು ಒಪ್ಪಲಾರೆ. ಹಲ್ಲನ್ನು ಎಂಜಲಿನಿಂದ ಬೇರ್ಪಡಿಸುವ ರಬ್ಬರ್ ಹಾಳೆಯನ್ನು (ರಬ್ಬರ್ ಡ್ಯಾಮ್) ಬಾಯಿಗೆ ಕಟ್ಟಿ, ಹಲ್ಲಿನಲ್ಲಿ ಫೈಲ್ ನಿಲ್ಲಿಸಿದ ಮೇಲೆ ಸೆನ್ಸರ್ ಕೆಲವೇ ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ, ಮತ್ತು ಅದನ್ನು ಕದಲಿಸದೆ ಕೋನನ್ನಷ್ಟೇ ಓರೆ ಮಾಡಿ ಇನ್ನೊಂದು ಚಿತ್ರ ತೆಗೆಯಬಹುದು. ಪ್ಲೇಟನ್ನು ಹೊರತೆಗೆದು, ಒರೆಸಿ, ಸ್ಕ್ಯಾನ್ ಮಾಡಿ ನೋಡುವಷ್ಟರಲ್ಲಿ ಒಂದೆರಡು ನಿಮಿಷ ಕಳೆಯುತ್ತದೆ.

ಕಿರಣದ ಅವಧಿಯ ವಿಷಯದಲ್ಲಿ ಪ್ಲೇಟು ತೀರಾ ಉದಾರಿ. ಹೆಚ್ಚು ಕೊಟ್ಟರೂ ಕಡಿಮೆ ಕೊಟ್ಟರೂ ನೋಡುವಂಥ ಚಿತ್ರವೇ ಬರುತ್ತದೆ, ಸೆನ್ಸರಾದರೋ ಅತಿಯಾದರೆ ಕಪ್ಪಿಟ್ಟು ನಮ್ಮ ತಪ್ಪನ್ನು ತಕ್ಷಣ ತೋರಿಸುತ್ತದೆ. ಹಾಗಾಗಿ ಈ ಉದಾರತೆಯನ್ನು ನಾನು ದೋಷವೆಂದೇ ಎಣಿಸುತ್ತೇನೆ: ಎರಡನೆಯ ತಿಂಗಳ ಹೊತ್ತಿಗೆ ನಮಗರಿವಿಲ್ಲದೆಯೇ ಟೈಮರ್ ಮೇಲೇರಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಮಕ್ಕಳಿಗೆ, ಮುಂಬಲ್ಲಿಗೆ, ದವಡೆ ಹಲ್ಲಿಗೆ ಬೇರೆ ಬೇರೆ ಅವಧಿ ಬರೆದ ಚೀಟಿಯನ್ನು ಯಂತ್ರದ ಪಕ್ಕ ಅಂಟಿಸಿದ್ದೇನೆ.

ಎರಡನೆಯ ಕುರ್ಚಿಗೆ ಕೊನೆಗೆ ಕೊಂಡದ್ದು ಚಿಕ್ಕ ಅಳತೆಯ, ಅಂದರೆ 1ನೇ ಸೈಜಿನ ಸೆನ್ಸರ್. ಜೊತೆಗೆ ಸಹಪಾಠಿಯ ಸ್ಕ್ಯಾನರನ್ನು ಹಿಂದಿರುಗಿಸದೆ, ಬೆಲೆ ಕೊಟ್ಟು ಉಳಿಸಿಕೊಂಡೆ. ಅದು ಈಗ ಕಿಟಕಿಯಿಂದ ದೂರದ ಮೂಲೆಯಲ್ಲಿದೆ. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದವರಿಗೆ ಮೊದಲ ಚಿತ್ರವನ್ನೇ ಪ್ಲೇಟಿನಲ್ಲಿ ತೆಗೆಯುತ್ತೇನೆ.