ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವ ಮುಂಚೆ ಹಳೇ ಚಲನ್ ನೋಡಿ

ಕಲಬುರಗಿಯಲ್ಲಿ ಹಳೇ ಬೈಕ್, ಸ್ಕೂಟರ್ ಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಟ್ರಾಫಿಕ್ ದಂಡ ಕಟ್ಟದಿದ್ದರೆ ಏನೂ ಆಗಲ್ಲ ಅಂತ ಬಹಳ ಜನ ನಂಬಿದ್ದಾರೆ. ಆಗುತ್ತೆ. ನಮ್ಮ ಮನೆಗೆ ಆ ಪೆಟ್ಟು ಬಿದ್ದಿದ್ದು ಬೇರೆಯವರು ಕಟ್ಟದ ದಂಡದಿಂದ.

ತಂಗಿ ಸೇಡಂ ರಸ್ತೆ ಕಡೆ ಕೆಲಸಕ್ಕೆ ಹೋಗುತ್ತಾಳೆ. ಅವಳಿಗಾಗಿ ಪರಿಚಯದವರೊಬ್ಬರಿಂದ ಕೆಎ-32 ನಂಬರಿನ ಸ್ಕೂಟರ್ ತಗೊಂಡೆವು. ಆರ್‌ಸಿ, ಇನ್ಶೂರೆನ್ಸ್ ಸರಿಯಿದ್ದವು. ಚಲನ್ ಬಾಕಿ ಇದೆಯಾ ಅಂತ ಕೇಳಿದ್ದಕ್ಕೆ, "ಎಲ್ಲಾ ಕಟ್ಟೀನ್ರಿ ಅಣ್ಣಾ, ಚಿಂತಿ ಮಾಡಬ್ಯಾಡ್ರಿ" ಅಂದರು. ಹೆಸರು ಬದಲಾಯಿಸಲು ಬೇಕಾದ ಫಾರಂ 29, 30ಕ್ಕೆ ಸಹಿಯನ್ನೂ ಹಾಕಿಕೊಟ್ಟರು.

ಹೆಸರು ಬದಲಾಯಿಸಲು ಹೋದಾಗ ಕೆಲಸ ನಿಂತಿತು. ಗಾಡಿ ಮೇಲೆ ಚಲನ್ ಬಾಕಿ! ಸರ್ಕಾರದ ಪರಿವಾಹನ್ ಇ-ಚಲನ್ ಪೋರ್ಟಲ್ ತೆರೆದರೆ ಹೆಲ್ಮೆಟ್ ಇಲ್ಲ, ಹೆಲ್ಮೆಟ್ ಇಲ್ಲ, ಸಿಗ್ನಲ್ ಜಂಪ್, ಮತ್ತೆ ಹೆಲ್ಮೆಟ್ ಇಲ್ಲ. ಒಂದು ಫೋಟೋ ಜಗತ್ ಸರ್ಕಲ್‌ನದ್ದು. ಅದೇ ಸ್ಕೂಟರ್, ಮುಂದೆ ನಿಂತ ಪುಟ್ಟ ಹುಡುಗಿ, ಬೆನ್ನಿಗೆ ಶಾಲೆ ಬ್ಯಾಗ್. ಓಡಿಸುವವರು, ಮಗು ಇಬ್ಬರ ತಲೆ ಮೇಲೂ ಏನಿಲ್ಲ. ದಂಡದ ಮಾತು ಬಿಡಿ, ಆ ಮಗುವನ್ನು ನೋಡಿಯೇ ಸಂಕಟವಾಯಿತು.

ಗಾಡಿ ಮಾರಿದವರಿಗೆ ಫೋನ್ ಮಾಡಿದೆ. "ಅವೆಲ್ಲ ಬರೀ ಮೆಸೇಜ್ ರೀ. ಅರ್ಧ ಮಾಫಿ ಬಿಟ್ಟಾಗ ಕಟ್ಟಿದ್ರಾಯ್ತು" ಅಂದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಸರ್ಕಾರ 2023ರ ಫೆಬ್ರವರಿಯಲ್ಲಿ, 2025ರ ಆಗಸ್ಟ್‌ನಲ್ಲಿ ಅರ್ಧ ರಿಯಾಯಿತಿ ಕೊಟ್ಟಿದ್ದು ನಿಜ. ಆದರೆ ಅದು ಕೆಲವೇ ದಿನ ಇರುತ್ತೆ. ಅದನ್ನೇ ಕಾಯುತ್ತಾ ಕೂತರೆ ಅಷ್ಟರಲ್ಲಿ ಚಲನ್ ಕೋರ್ಟಿಗೆ ಹೋಗಬಹುದು. ಹೆಲ್ಮೆಟ್ ದಂಡ ನಮ್ಮ ರಾಜ್ಯದಲ್ಲಿ 500 ರೂಪಾಯಿ. ಆಗಲೇ ಕಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಅಲ್ವಾ?

ಈ ಗಾಡಿಯದ್ದೂ ಕೆಲವು ಕೋರ್ಟ್ ಸೇರಿದ್ದವು. ಉಳಿದವನ್ನು ನಾವೇ ಆನ್‌ಲೈನ್‌ನಲ್ಲಿ ಕಟ್ಟಿದೆವು. ಕೋರ್ಟಿನದ್ದಕ್ಕೆ ಆರ್‌ಸಿಯಲ್ಲಿ ಹೆಸರಿದ್ದವರೇ ಬೇಕಾಯಿತು. ಸ್ಕೂಟರ್ ಅಂಗಳದಲ್ಲಿ ಧೂಳು ತಿನ್ನುತ್ತಿತ್ತು. ತಂಗಿ ಆ ಸುಡು ಬಿಸಿಲಲ್ಲಿ ಆಟೋಗೆ ಕಾಯುತ್ತಿದ್ದಳು. ಕೊನೆಗೆ ಅವರ ಮನೆಯ ಹಿರಿಯರು ಕೂರಿಸಿ ಬೈದ ಮೇಲೆ ಬಂದು ಮುಗಿಸಿಕೊಟ್ಟರು. ನಾವು ಕಟ್ಟಿದ ದುಡ್ಡು ಇನ್ನೂ ವಾಪಸ್ ಬಂದಿಲ್ಲ.

ಅದಕ್ಕೇ ಹೇಳ್ತೀನಿ, ಎಷ್ಟೇ ಪರಿಚಯದವರಿರಲಿ, ಬಾಯಿ ಮಾತು ನಂಬಬೇಡಿ. ದುಡ್ಡು ಕೊಡುವ ಮುಂಚೆ ಅವರ ಎದುರೇ ಪೋರ್ಟಲ್‌ನಲ್ಲಿ ಗಾಡಿ ನಂಬರ್, ಚಾಸಿಸ್ ನಂಬರಿನ ಕೊನೆಯ ಐದು ಅಕ್ಷರ ಹಾಕಿ ನೋಡಿ. ಹೆಸರು ಬದಲಾಗುವವರೆಗೆ ಸ್ವಲ್ಪ ದುಡ್ಡು ಹಿಡಿದಿಟ್ಟುಕೊಳ್ಳಿ. ಹೆಸರು ಬದಲಾದ ಕೂಡಲೇ ನಿಮ್ಮ ಮೊಬೈಲ್ ನಂಬರನ್ನೂ ದಾಖಲೆಗೆ ಸೇರಿಸಿ. ಇಲ್ಲದಿದ್ದರೆ ನಿಮ್ಮ ಚಲನ್ ಮೆಸೇಜ್ ಹಳೇ ಮಾಲೀಕರಿಗೇ ಹೋಗುತ್ತೆ.

ವಾಟ್ಸಾಪ್‌ನಲ್ಲಿ ಚಲನ್ ಹೆಸರಲ್ಲಿ ಎಪಿಕೆ ಫೈಲ್ (ಮೊಬೈಲ್‌ಗೆ ಆ್ಯಪ್ ಹಾಕುವ ಫೈಲ್) ಬಂದರೆ ಮಾತ್ರ ಮುಟ್ಟಲೇಬೇಡಿ, ಅದು ಮೋಸ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಗಾಡಿ ಮಾರುವವರೂ ಕೇಳಿ. ಆರ್‌ಸಿಯಲ್ಲಿ ನಿಮ್ಮ ಹೆಸರಿರುವವರೆಗೆ ಕಾನೂನಿನ ಲೆಕ್ಕದಲ್ಲಿ ನೀವೇ ಮಾಲೀಕರು. ಕೊಂಡವರು ಸಿಗ್ನಲ್ ಹಾರಿದರೂ, ಯಾರಿಗಾದರೂ ಗುದ್ದಿದರೂ ನೋಟಿಸ್ ನಿಮ್ಮ ಮನೆಗೇ ಬರುತ್ತೆ.