ಕಯೋಟಿ ಬಾರದ ರಾತ್ರಿಗಳಲ್ಲಿ ಥರ್ಮಲ್ ದುರ್ಬೀನು: ಎರಡು ಚಳಿಗಾಲಗಳ ಬಳಿಕ

ಟೆಕ್ಸಾಸ್‌ನ ಸ್ಯಾನ್ ಆ್ಯಂಜೆಲೊ ಸುತ್ತಿನ ಕುರಿ-ಮೇಕೆ ಸೀಮೆಯಲ್ಲಿ, ಸ್ನೇಹಿತರೊಬ್ಬರ ಜಮೀನಿನಲ್ಲಿ ಕಯೋಟಿ (ತೋಳಕ್ಕಿಂತ ಚಿಕ್ಕದಾದ, ನಾಯಿ ಕುಲದ ಕಾಡುಪ್ರಾಣಿ) ಬೇಟೆಗೆ ಹೋಗುವ ನಾನು, ಕತ್ತಲಲ್ಲಿ ಬಿಸಿಯನ್ನು ಬೆಳಕಾಗಿ ತೋರಿಸುವ ಈ ಒಂಟಿಗಣ್ಣಿನ ಥರ್ಮಲ್ ದುರ್ಬೀನನ್ನು ಕೊಂಡು ಎರಡು ಚಳಿಗಾಲಗಳು ಕಳೆದವು. ಸೆನ್ಸರ್, ಲೆನ್ಸ್‌ಗಳ ವಿವರ ಪೆಟ್ಟಿಗೆಯ ಮೇಲೆಯೇ ಇದೆ. ಏನೂ ಬಾರದ ರಾತ್ರಿಗಳಲ್ಲಿ ಇದು ಎಷ್ಟು ಜೊತೆ ಕೊಡುತ್ತದೆ ಎಂಬುದನ್ನಷ್ಟೇ ಬರೆಯುತ್ತೇನೆ, ಏಕೆಂದರೆ ನನ್ನ ಹೆಚ್ಚಿನ ರಾತ್ರಿಗಳು ಅಂಥವೇ.

ಗಾಳಿ ಮುಖಕ್ಕೆ ಬೀಸುವಂತೆ ಕುಳಿತು, ಕಯೋಟಿಯನ್ನು ಸೆಳೆಯಲು ಮೊಲದ ಚೀರಾಟವನ್ನು ಸ್ಪೀಕರ್‌ನಲ್ಲಿ ನುಡಿಸಿ, 15-20 ನಿಮಿಷ ಕಾದು, ಬಾರದಿದ್ದರೆ ಮುಂದಿನ ಜಾಗಕ್ಕೆ ನಡೆಯುವುದು ನನ್ನ ಕ್ರಮ. ಚಳಿಗೆ ಲಿಥಿಯಂ ಬ್ಯಾಟರಿ ಬೇಗ ಸೋಲುವುದರಿಂದ ಬಿಡಿ ಬ್ಯಾಟರಿಯನ್ನು ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳುತ್ತೇನೆ. ಮೂರನೆಯ ಜಾಗವೂ ಖಾಲಿಯಾದ ಮೇಲೆಯೇ ಫ್ಲಾಸ್ಕಿನಿಂದ ಅರ್ಧ ಲೋಟ ಫಿಲ್ಟರ್ ಕಾಫಿ. ಅದಕ್ಕೆ ಮೊದಲು ಮುಚ್ಚಳ ತೆರೆಯುವುದಿಲ್ಲ.

ಸಂಜೆ ಸುಣ್ಣಕಲ್ಲುಗಳು ಹಗಲಿನ ಬಿಸಿಯನ್ನು ಹಿಡಿದುಕೊಂಡು ದುರ್ಬೀನಿನಲ್ಲಿ ಬೆಳ್ಳಗೆ ಹೊಳೆಯುತ್ತವೆ. ಮೊದಲ ತಿಂಗಳು ಅಂಥ ಒಂದು ಕಲ್ಲನ್ನು ಮಲಗಿದ ಕಯೋಟಿಯೆಂದು ನಂಬಿ ಕಾಲು ಗಂಟೆ ಉಸಿರು ಬಿಗಿಹಿಡಿದಿದ್ದೆ. ರಾತ್ರಿ ಬೆಳೆದಂತೆ ಕಲ್ಲುಗಳು ತಣಿದು, ಮಣ್ಣು ಕೆದಕುವ, ಚಿಪ್ಪಿನ ಮೈಯ ಆರ್ಮಡಿಲೊ, ಬೇಲಿಗಂಬದ ಮೇಲಿನ ಗೂಬೆ, ಉದ್ದ ಕಿವಿಯ ಕಾಡುಮೊಲ ಜ್ಯಾಕ್‌ರ‍್ಯಾಬಿಟ್ ಇವಷ್ಟೇ ಬೆಳಕಾಗಿ ಉಳಿಯುತ್ತವೆ. ಹಿಂದೆ ಹನ್ನೊಂದಕ್ಕೇ ಮನೆಗೆ ಹೊರಡುತ್ತಿದ್ದ ನಾನು ಈಗ ಎರಡರವರೆಗೂ ಕೂರುತ್ತೇನೆ. ಸುತ್ತ ನೋಡಲು ಬಂದೂಕಿನ ದುರ್ಬೀನನ್ನೇ ತಿರುಗಿಸುವ, ಅಂದರೆ ಗುರುತಿಲ್ಲದ ಜೀವದತ್ತ ನಳಿಗೆ ಹಿಡಿಯುವ ಕೆಟ್ಟ ಅಭ್ಯಾಸವೂ ಇದರಿಂದ ತಪ್ಪಿತು.

ಆದರೆ ಆ ‘ಟಿಕ್’ ಶಬ್ದವನ್ನು ನಾನು ಕ್ಷಮಿಸಲಾರೆ. ಚಿತ್ರವನ್ನು ತಾನೇ ಸರಿಪಡಿಸಿಕೊಳ್ಳಲು ಒಳಗಿನ ಶಟರ್ ಆಗಾಗ ಮುಚ್ಚಿ ತೆರೆಯುತ್ತದೆ. ಆ ಕ್ಷಣ ಚಿತ್ರ ನಿಂತುಬಿಡುತ್ತದೆ. ಕಳೆದ ಜನವರಿಯಲ್ಲಿ, ನಾಲ್ಕು ಖಾಲಿ ರಾತ್ರಿಗಳ ನಂತರ, ಒಂದು ಕಯೋಟಿ ನನ್ನ ವಾಸನೆ ಹಿಡಿಯಲು ಸುತ್ತು ಹಾಕಿ ಬಂದು ಸುಮಾರು ನಲವತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು. ಟಿಕ್ ಎಂದಿತು. ಚಿತ್ರ ಮತ್ತೆ ಚಲಿಸುವಷ್ಟರಲ್ಲಿ ಅಲ್ಲಿ ಹುಲ್ಲು ಮಾತ್ರವಿತ್ತು. ವಾಸನೆಯೇ ಕಾರಣವಿದ್ದೀತು, ಆದರೂ ನನ್ನ ಸಿಟ್ಟು ಶಟರ್ ಮೇಲೆಯೇ. ಈಗ ಪ್ರತಿ ಜಾಗದಲ್ಲೂ ಕೂಗು ಹಾಕುವ ಮೊದಲೇ ಲೆನ್ಸ್ ಮುಚ್ಚಿ ಕೈಯಾರೆ ಸರಿಪಡಿಸುತ್ತೇನೆ. ಹತ್ತು ನಿಮಿಷಕ್ಕೆ ಚಿತ್ರ ಮರಳುಮರಳಾಗುವುದನ್ನು ಸಹಿಸಿಕೊಳ್ಳುತ್ತೇನೆ.

ಮಂಜು ಕವಿದ ಅಥವಾ ತುಂತುರು ಬಿದ್ದ ರಾತ್ರಿ ಎಲ್ಲವೂ ಒಂದೇ ಬೂದು ಬಣ್ಣವಾಗುವುದರಿಂದ ಇದನ್ನು ಹೊರತೆಗೆಯುವುದೇ ವ್ಯರ್ಥ. ವರ್ಷಕ್ಕೆ ಎರಡು ಬಾರಿ ಹೋಗುವವರು ಇಷ್ಟು ಹಣ ಸುರಿಯಬೇಕಾಗಿಲ್ಲ. ನನ್ನ ಒಂದು ತಿಂಗಳ ಮನೆ ಬಾಡಿಗೆಗಿಂತ ಹೆಚ್ಚು ಕೊಟ್ಟಿದ್ದೇನೆ. ಶಟರ್ ಇಲ್ಲದ ಮಾದರಿಗೆ ಬದಲಾಯಿಸುವ ಆಸೆಯಿದ್ದರೂ ಮುಂದಿನ ಚಳಿಗಾಲಕ್ಕೂ ಇದೇ ನನ್ನ ಕೊರಳಲ್ಲಿ ತೂಗಬೇಕು.