ಸ್ವಂತ ಮೇಲ್ ಸರ್ವರ್: ಬರೋದು ಸಲೀಸು, ಹೋಗೋದೇ ಕಷ್ಟ

ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ಹಾಳೆ ತಟ್ಟೆಯ ಘಟಕ. ಆರ್ಡರ್, ಕೊಟೇಶನ್, ಬಿಲ್ಲು ಎಲ್ಲ ಮೇಲ್‌ನಲ್ಲೇ. ತಲೆಗಿಷ್ಟು ಅಂತ ತಿಂಗಳು ತಿಂಗಳು ದುಡ್ಡು ಕಟ್ಟುವುದು ಬೇಡವೆನಿಸಿ ಸ್ವಂತ ಸರ್ವರ್ ಹಾಕಿಕೊಂಡೆ. ಎರಡು ಮಳೆಗಾಲ ಕಳೆದಿವೆ.

ಮನೆಯ ಹಳೇ ಕಂಪ್ಯೂಟರ್‌ನಲ್ಲೇ ಮಾಡಬಹುದಿತ್ತಲ್ವಾ ಅಂತ ಕೇಳುವವರಿದ್ದಾರೆ. ಮಲೆನಾಡಿನಲ್ಲಿ ಅದು ಆಗದ ಮಾತು. ಮಳೆ ಹಿಡಿದರೆ ಮರ ಬೀಳುತ್ತದೆ, ತಂತಿ ಹರಿಯುತ್ತದೆ, ಕರೆಂಟ್ ಯಾವಾಗ ಬರುತ್ತದೋ ಲೈನ್‌ಮ್ಯಾನ್‌ಗೂ ಗೊತ್ತಿರುವುದಿಲ್ಲ. ಮೇಲಾಗಿ ಮನೆ ಇಂಟರ್ನೆಟ್‌ನಲ್ಲಿ ಪೋರ್ಟ್ 25, ಅಂದರೆ ಸರ್ವರ್‌ನಿಂದ ಸರ್ವರ್‌ಗೆ ಮೇಲ್ ದಾಟುವ ಬಾಗಿಲು, ಸಾಮಾನ್ಯವಾಗಿ ಮುಚ್ಚಿರುತ್ತದೆ. ಹಾಗಾಗಿ ಅಗ್ಗದ ಬಾಡಿಗೆ ವಿಪಿಎಸ್ (ಬೇರೆಯವರ ದೊಡ್ಡ ಕಂಪ್ಯೂಟರ್‌ನಲ್ಲಿ ನಮಗೊಂದು ಪಾಲು), ಅದರಲ್ಲಿ ಉಬುಂಟು 22.04 ಆಪರೇಟಿಂಗ್ ಸಿಸ್ಟಂ, ಅದರ ಮೇಲೆ ಮೇಲ್ ಸರ್ವರ್‌ಗೆ ಬೇಕಾದ್ದನ್ನೆಲ್ಲ ಒಟ್ಟಿಗೆ ಹಾಕಿಕೊಡುವ ಮೇಲ್-ಇನ್-ಎ-ಬಾಕ್ಸ್. ತಂತ್ರಾಂಶ ಪುಕ್ಕಟೆ. ಹಾಕುವ ಕೆಲಸ ಒಂದು ಸಂಜೆಯದು.

ತಲೆನೋವು ಶುರುವಾಗಿದ್ದು ಆಮೇಲೆ. ಮೇಲ್ ನಿಜಕ್ಕೂ ನಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ದಾಖಲೆ ಮೂರೂ ಸರಿ. ಐಪಿಯಿಂದ (ಸರ್ವರ್‌ನ ಇಂಟರ್ನೆಟ್ ವಿಳಾಸದಿಂದ) ಹೆಸರು ಹುಡುಕುವ ಪಿಟಿಆರ್ ದಾಖಲೆಯೂ ಸರಿ. ಆದರೂ ಬೆಂಗಳೂರಿನ ಕೇಟರಿಂಗ್‌ನವರಿಂದ ಫೋನು: "ಏನ್ರೀ, ಕೊಟೇಶನ್ ಕಳಿಸ್ತೀನಿ ಅಂದ್ರಿ, ಬಂದೇ ಇಲ್ಲ." "ಸ್ವಲ್ಪ ಸ್ಪ್ಯಾಮ್ ಫೋಲ್ಡರ್ ನೋಡಿ ಸರ್." ಅಲ್ಲೇ ಬಿದ್ದಿರುತ್ತಿತ್ತು. ವ್ಯಾಪಾರ ಮಾಡುವವನು ಗಿರಾಕಿಗೆ ಪದೇ ಪದೇ ಹೀಗೆ ಹೇಳಿದರೆ ಏನು ಚೆನ್ನಾಗಿರುತ್ತದೆ?

ಕಾರಣ ನಮ್ಮ ಅಕ್ಕಪಕ್ಕದ ಐಪಿಗಳು. ಅಗ್ಗದ ವಿಪಿಎಸ್ ಅಂದರೆ ಕಂಡಕಂಡವರೆಲ್ಲ ಬಾಡಿಗೆಗೆ ತಗೊಳ್ಳುತ್ತಾರೆ. ಯಾರೋ ಸ್ಪ್ಯಾಮ್ ಕಳಿಸಿದರೆ ಇಡೀ ಸಾಲಿಗೇ ಕೆಟ್ಟ ಹೆಸರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ವಿಪಿಎಸ್‌ನವರಿಗೆ ಬರೆದರೆ "ನಮ್ಮ ಕಡೆ ಎಲ್ಲ ಸರಿ ಇದೆ" ಅಂತ ಉತ್ತರ. ದೊಡ್ಡ ಮೇಲ್ ಸೇವೆಗಳಲ್ಲಿ ಕೇಳೋಣ ಅಂದರೆ ಮನುಷ್ಯರೇ ಸಿಗುವುದಿಲ್ಲ.

ಹಾಗಾದರೆ ಬಿಟ್ಟುಬಿಡಬಹುದಿತ್ತಲ್ಲ? ಬಿಡಲು ಮನಸ್ಸಾಗದ್ದು ಬರುವ ಮೇಲ್‌ಗಳಿಂದ. ಆ ಕಡೆ ದೊಡ್ಡ ದೂರೇನೂ ಇಲ್ಲ. ಒಮ್ಮೆ ಸರ್ವರ್ ಇಡೀ ದಿನ ಬಿದ್ದುಕೊಂಡಿತ್ತು. ಆರ್ಡರ್‌ಗಳೆಲ್ಲ ಹೋದವು ಅಂದುಕೊಂಡೆ. ಎದ್ದ ಮೇಲೆ ಒಂದೊಂದೇ ಬಂದು ಇಳಿದವು. ಕಳಿಸುವ ಸರ್ವರ್ ಒಂದೇ ಸಲಕ್ಕೆ ಕೈಬಿಡುವುದಿಲ್ಲ. ಅದು ಪೋಸ್ಟ್‌ಫಿಕ್ಸ್ (ನಮ್ಮ ಸರ್ವರ್‌ನಲ್ಲೂ ಮೇಲ್ ಸಾಗಿಸುವ ತಂತ್ರಾಂಶ ಇದೇ) ಆದರೆ, ಯಾರೂ ಸೆಟ್ಟಿಂಗ್ ಬದಲಾಯಿಸದಿದ್ದರೆ, 5 ದಿನದವರೆಗೆ ಬಿಟ್ಟೂ ಬಿಟ್ಟು ಪ್ರಯತ್ನಿಸುತ್ತದೆ.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಸರ್ವರ್‌ನ ಲಾಗ್ (ನಡೆದದ್ದರ ದಾಖಲೆ) ನೋಡುವುದು ಈಗ ಚಟವೇ ಆಗಿದೆ. ಪಾಸ್‌ವರ್ಡ್ ಊಹಿಸಲು ಬಂದವರನ್ನು ಫೇಲ್‌ಟುಬ್ಯಾನ್ ಅನ್ನುವ ತಂತ್ರಾಂಶ ಹೊರಗಟ್ಟಿರುತ್ತದೆ. ಹೊಸಬರು ಮೇಲ್ ಕಳಿಸಿದರೆ ಗ್ರೇಲಿಸ್ಟಿಂಗ್ "ಸ್ವಲ್ಪ ಹೊತ್ತು ಬಿಟ್ಟು ಬಾ" ಅನ್ನುತ್ತದೆ. ಸ್ಪ್ಯಾಮ್ ಕಳಿಸುವವರಲ್ಲಿ ಬಹಳ ಮಂದಿ ಮತ್ತೆ ಬರುವುದೇ ಇಲ್ಲ. ನೋಡಲು ಮಜಾ. ಆದರೆ ಮೇಲ್‌ಗೆ ಬರುವ ಒಟಿಪಿಗೂ ಇದೇ ಮರ್ಯಾದೆ. ಅದು ಒಳಗೆ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಬ್ಯಾಂಕಿಗೆ ಸುಮ್ನೆ ಹಳೇ ಜಿಮೇಲ್ ವಿಳಾಸವೇ ಇರಲಿ ಅಂತ ಬಿಟ್ಟಿದ್ದೇನೆ.

ಹೋಗುವ ಮೇಲ್‌ಗೆ ಕೊನೆಗೆ ರಿಲೇ ಸೇವೆ, ಅಂದರೆ ನಮ್ಮ ಮೇಲನ್ನು ಮುಂದೆ ದಾಟಿಸಿಕೊಡುವವರನ್ನು ಹಿಡಿದೆ. ಬರುವುದು ನಮ್ಮ ಸರ್ವರ್‌ಗೆ, ಹೋಗುವುದು ಅವರ ಐಪಿಯಿಂದ. ಪೋಸ್ಟ್‌ಫಿಕ್ಸ್‌ನಲ್ಲಿ ರಿಲೇಹೋಸ್ಟ್ ಅನ್ನುವ ಜಾಗದಲ್ಲಿ ಅವರ ಸರ್ವರ್ ಹೆಸರು, ಜೊತೆಗೆ ಅವರು ಕೊಟ್ಟ ಪಾಸ್‌ವರ್ಡ್ ತುಂಬಿಸಿ, ಎಸ್‌ಪಿಎಫ್‌ನಲ್ಲಿ ಅವರ ಹೆಸರು ಸೇರಿಸಿದರೆ ಮುಗಿಯಿತು. ನಮ್ಮಷ್ಟು ಕಡಿಮೆ ಮೇಲ್‌ಗೆ ಅವರು ದುಡ್ಡು ಕೇಳುವುದಿಲ್ಲ. ಪೂರ್ತಿ ಸ್ವಂತ ಅನ್ನುವ ಹಮ್ಮು ಸ್ವಲ್ಪ ಇಳಿಯಿತು, ನಿಜ. ಕೇಟರಿಂಗ್‌ನವರ ಫೋನು ಮಾತ್ರ ನಿಂತಿದೆ.

ಹೊಸದಾಗಿ ಹಾಕುವವರು ವರ್ಷದ ಬಾಡಿಗೆ ಒಟ್ಟಿಗೆ ಕಟ್ಟಬೇಡಿ, ಅದರಲ್ಲಿ ಉಳಿಯುವುದು ಚಿಲ್ಲರೆ ಕಾಸು. ಮೊದಲು ಒಂದು ತಿಂಗಳಿಗೆ ತಗೊಳ್ಳಿ. ಪೋರ್ಟ್ 25 ತೆರೆದು ಕೊಡುತ್ತಾರಾ ಕೇಳಿ. ಸಿಕ್ಕ ಐಪಿಯನ್ನು ಸ್ಪ್ಯಾಮ್ ಕಳಿಸುವ ಐಪಿಗಳ ಪಟ್ಟಿ ಇಡುವ ಸ್ಪ್ಯಾಮ್‌ಹೌಸ್‌ನ ಜಾಲತಾಣದಲ್ಲಿ ಹಾಕಿ ನೋಡಿ. ಕಪ್ಪುಪಟ್ಟಿಯಲ್ಲಿದ್ದರೆ ಅವತ್ತೇ ವಾಪಸ್ ಕೊಟ್ಟು ಬೇರೆ ಐಪಿ ತಗೊಳ್ಳಿ.